ಗಿಂಪ್‌ನ ಸ್ಮಡ್ಜ್ ಸಾಧನ: ಸಹಿಚಿತ್ರ ಕಲಿಯುವವರಿಗೆ ಎಷ್ಟು ಸೂಕ್ತ?

ಡಿಜಿಟಲ್ ಸಹಿ ಎಂದೊಡನೆ ನಮ್ಮಲ್ಲಿ ಹೆಚ್ಚಿನವರಿಗೆ ನೆನಪಾಗುವುದು ತೆರಿಗೆ ಸಲ್ಲಿಕೆಗೋ ಟೆಂಡರಿಗೋ ಬಳಸುವ ಯುಎಸ್‌ಬಿ ಟೋಕನ್. ನಾನು ಇಲ್ಲಿ ಹೇಳುತ್ತಿರುವುದು ಬೇರೆಯ ಸಹಿಯ ಬಗ್ಗೆ. ಅಂತರಜಾಲದ ಚರ್ಚಾವೇದಿಕೆಗಳಲ್ಲಿ ಬರೆಯುವವರು ತಮ್ಮ ಪ್ರತಿಯೊಂದು ಬರಹದ ಕೆಳಗೆ ಗುರುತಿಗಾಗಿ ಹಾಕಿಕೊಳ್ಳುವ, ಉದ್ದಕ್ಕೆ ಪಟ್ಟಿಯಂತಿರುವ ಪುಟ್ಟ ಚಿತ್ರಕ್ಕೆ ಸಿಗ್ನೇಚರ್ ಗ್ರಾಫಿಕ್, ಅಂದರೆ ಸಹಿಚಿತ್ರ, ಎನ್ನುತ್ತಾರೆ. ಎರಡು ಸಾವಿರದ ದಶಕದಲ್ಲಿ ಇದು ತನ್ನದೇ ರೀತಿನೀತಿಗಳಿರುವ ಒಂದು ಕಲೆಯಾಗಿಯೇ ಬೆಳೆಯಿತು. ಹಿನ್ನೆಲೆಯಿಂದ ಬಿಡಿಸಿ ತೆಗೆದ ಒಂದು ಆಕೃತಿಯನ್ನು ನಡುವೆ ನಿಲ್ಲಿಸಿ, ಅದೇ ಆಕೃತಿಯ ಬಣ್ಣಗಳನ್ನು ಬೆರಳಿನಿಂದ ಎಳೆದಂತೆ ಸುತ್ತಲೂ ತೀಡಿ, ಆಕೃತಿಗೂ ಹಿನ್ನೆಲೆಗೂ ಒಂದೇ ಹರಿವು ಬರುವಂತೆ ಮಾಡುವುದು ಆ ಕಲೆಯ ಮುಖ್ಯ ಕೌಶಲಗಳಲ್ಲಿ ಒಂದು. ಇದನ್ನೇ ಸ್ಮಡ್ಜಿಂಗ್ ಎನ್ನುವುದು. ಕಣ್ಣಿಗೆ ಕಾಡಿಗೆ ತೀಡುವುದು ಗೊತ್ತಿರುವ ನಮಗೆ ‘ತೀಡುವುದು’ ಎಂಬ ಮಾತೇ ಇದಕ್ಕೆ ಒಪ್ಪುತ್ತದೆ.

ಈ ಕೌಶಲವನ್ನು ಹೊಸದಾಗಿ ಕಲಿಯುವವರಿಗೆ ಯಾವ ತಂತ್ರಾಂಶ ಒಳ್ಳೆಯದು ಎಂದು ಪರಿಚಯದ ಕೆಲವರು ಕೇಳಿದ್ದರಿಂದ, ನಾನು ಬಹುಕಾಲದಿಂದ ಬಳಸುತ್ತಿರುವ ಗಿಂಪ್ ಎಂಬ ಚಿತ್ರ ತಿದ್ದುವ ತಂತ್ರಾಂಶದ ಸ್ಮಡ್ಜ್ ಸಾಧನವೊಂದನ್ನೇ ಎತ್ತಿಕೊಂಡು ಇಲ್ಲಿ ವಿಮರ್ಶಿಸುತ್ತಿದ್ದೇನೆ. ಗಿಂಪ್ ಒಟ್ಟಾರೆಯಾಗಿ ಹೇಗಿದೆ ಎಂಬುದು ಈ ಬರಹದ ವಿಷಯವಲ್ಲ. 1995ರಲ್ಲಿ ಬರ್ಕ್‌ಲಿಯ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದಲ್ಲಿ ಸ್ಪೆನ್ಸರ್ ಕಿಂಬಲ್ ಮತ್ತು ಪೀಟರ್ ಮ್ಯಾಟಿಸ್ ಎಂಬ ಇಬ್ಬರು ವಿದ್ಯಾರ್ಥಿಗಳು ಆರಂಭಿಸಿದ ಈ ತಂತ್ರಾಂಶ ಇಂದಿಗೂ ಉಚಿತವಾಗಿಯೂ ಮುಕ್ತವಾಗಿಯೂ ದೊರೆಯುತ್ತದೆ; ಕಲಿಯುವವರಿಗೆ ಇದು ಸಣ್ಣ ಸಂಗತಿಯಲ್ಲ. 2018ರ 2.10 ಆವೃತ್ತಿಯಲ್ಲಿ ಸ್ಮಡ್ಜ್ ಸಾಧನಕ್ಕೆ ಮುಖ್ಯವಾದ ಕೆಲವು ಸೌಲಭ್ಯಗಳು ಸೇರಿದವು. 2025ರ ಮಾರ್ಚ್‌ನಲ್ಲಿ ಬಂದ 3.0 ಆವೃತ್ತಿಯಲ್ಲೂ ಅವು ಇವೆ. ಹೀಗಾಗಿ ನಾನು ಇಲ್ಲಿ ಹೇಳುವುದು ಎರಡಕ್ಕೂ ಅನ್ವಯಿಸುತ್ತದೆ.

ಸಾಧನಪಟ್ಟಿಯಲ್ಲಿ ಬೆರಳಿನ ಗುರುತಿರುವ ಚಿಹ್ನೆಯನ್ನು ಒತ್ತಿದರೆ, ಇಲ್ಲವೇ ಕೀಲಿಮಣೆಯಲ್ಲಿ ಎಸ್ ಒತ್ತಿದರೆ ಸ್ಮಡ್ಜ್ ಸಿದ್ಧವಾಗುತ್ತದೆ. ಹೊಸಬರು ಸಾಮಾನ್ಯವಾಗಿ ಅಲ್ಲಿ ಕಾಣುವ ಮೊದಲ ಮೌಲ್ಯಗಳನ್ನು ಮುಟ್ಟದೆ, ದುಂಡನೆಯ ಮೃದುವಾದ ಕುಂಚದಿಂದ ಚಿತ್ರದ ಮೇಲೆ ಎಳೆಯತೊಡಗುತ್ತಾರೆ. ಬಣ್ಣ ಸ್ವಲ್ಪ ದೂರ ಹೋಗಿ ಮಂಜಿನಂತೆ ಕರಗಿಹೋಗುತ್ತದೆ, ಚಿತ್ರ ಮಸುಕಾಗುತ್ತದೆ, ಆದರೆ ಎಲ್ಲೂ ಹರಿವು ಕಾಣುವುದಿಲ್ಲ. ಇದರಿಂದ ಬೇಸತ್ತು ಸಾಧನವೇ ಸರಿಯಿಲ್ಲ ಎಂದು ಬಿಟ್ಟವರನ್ನು ನಾನು ಕಂಡಿದ್ದೇನೆ. ಸಾಧನ ಒಳಗೆ ಮಾಡುವ ಕೆಲಸವನ್ನು ಒಮ್ಮೆ ಅರ್ಥ ಮಾಡಿಕೊಂಡರೆ ಈ ತೊಡಕು ಬಹುಮಟ್ಟಿಗೆ ಕರಗುತ್ತದೆ. ಆದ್ದರಿಂದ ಅದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ.

ಕುಂಚವನ್ನು ಒತ್ತಿದ ಕ್ಷಣದಲ್ಲಿ ಅದರ ಅಡಿಯಲ್ಲಿರುವ ಬಣ್ಣಗಳನ್ನು ಸಾಧನ ತನ್ನ ನೆನಪಿನಲ್ಲಿ ಎತ್ತಿಟ್ಟುಕೊಳ್ಳುತ್ತದೆ. ಕುಂಚ ಮುಂದೆ ಸರಿದಾಗ ಒಂದೊಂದು ಅಚ್ಚು ಬೀಳುವಲ್ಲಿಯೂ, ಹೊತ್ತು ತಂದ ಬಣ್ಣದಲ್ಲಿ ಒಂದು ಪಾಲನ್ನೂ ಅಲ್ಲಿ ಮೊದಲೇ ಇರುವ ಬಣ್ಣದಲ್ಲಿ ಉಳಿದ ಪಾಲನ್ನೂ ಬೆರೆಸಿ ಹಚ್ಚುತ್ತದೆ. ಆ ಬೆರೆತ ಬಣ್ಣವನ್ನೇ ಮುಂದಿನ ಅಚ್ಚಿಗೆ ಹೊತ್ತೊಯ್ಯುತ್ತದೆ. ಹೊತ್ತು ತಂದ ಪಾಲು ಎಷ್ಟು ಎಂಬುದನ್ನು ತಿಳಿಸುವುದೇ ‘ರೇಟ್’. ಇದು ಮೊದಲಿಗೆ 50ರಲ್ಲಿ ಇರುತ್ತದೆ. ಸರಳವಾಗಿ ಲೆಕ್ಕ ಹಾಕಿದರೆ, 50ರ ರೇಟ್‌ನಲ್ಲಿ ಐದನೆಯ ಅಚ್ಚಿನ ಹೊತ್ತಿಗೆ ಮೊದಲು ಎತ್ತಿಕೊಂಡ ಬಣ್ಣದಲ್ಲಿ ಉಳಿಯುವುದು ಸುಮಾರು ನೂರಕ್ಕೆ ಮೂರು ಪಾಲು ಮಾತ್ರ. ರೇಟ್ 90 ಇದ್ದರೆ ಹತ್ತನೆಯ ಅಚ್ಚಿನಲ್ಲಿಯೂ ನೂರಕ್ಕೆ ಮೂವತ್ತೈದರಷ್ಟು ಉಳಿದಿರುತ್ತದೆ. ಅಚ್ಚು ಎಷ್ಟು ದೂರಕ್ಕೊಮ್ಮೆ ಬೀಳುತ್ತದೆ ಎಂಬುದನ್ನು ನಿರ್ಧರಿಸುವುದು ‘ಸ್ಪೇಸಿಂಗ್’. 40 ಪಿಕ್ಸೆಲ್‌ನ ಕುಂಚಕ್ಕೆ ಸ್ಪೇಸಿಂಗ್ 10 (ಕುಂಚದ ಗಾತ್ರದ ನೂರಕ್ಕೆ ಹತ್ತು) ಇದ್ದರೆ ನಾಲ್ಕು ನಾಲ್ಕು ಪಿಕ್ಸೆಲ್‌ಗೆ ಒಂದು ಅಚ್ಚು ಬೀಳುತ್ತದೆ, ಅಂದರೆ ಐದು ಅಚ್ಚುಗಳು ಇಪ್ಪತ್ತೇ ಪಿಕ್ಸೆಲ್‌ನಲ್ಲಿ ಮುಗಿದು ಬಣ್ಣವೂ ಅಲ್ಲಿಗೇ ಸೋರಿಹೋಗುತ್ತದೆ. ನಿಜದಲ್ಲಿ ಅಚ್ಚುಗಳು ಒಂದರ ಮೇಲೊಂದು ಹಾಯುವುದರಿಂದ ಎಳೆ ಇದಕ್ಕಿಂತ ತುಸು ಮುಂದೆ ಹೋಗುತ್ತದೆ; ಆದರೂ ಲೆಕ್ಕದ ದಿಕ್ಕು ಇದೇ. ರೇಟ್ ಮತ್ತು ಸ್ಪೇಸಿಂಗ್ ಎರಡನ್ನೂ ಜೊತೆಯಾಗಿ ನೋಡದೆ ಒಂದನ್ನೇ ತಿದ್ದುತ್ತ ಕೂತರೆ ಏನೂ ತಿಳಿಯುವುದಿಲ್ಲ. ನಾನು ಸಾಮಾನ್ಯವಾಗಿ ರೇಟ್ ಅನ್ನು 80ರಿಂದ 92ರ ನಡುವೆಯೂ, ಸ್ಪೇಸಿಂಗ್ ಅನ್ನು 15ರಿಂದ 25ರ ನಡುವೆಯೂ ಇಟ್ಟುಕೊಳ್ಳುತ್ತೇನೆ.

ಕುಂಚದ ಗಾತ್ರದ ಬಗ್ಗೆಯೂ ಇಲ್ಲೇ ಒಂದು ಮಾತು. ಸಹಿಚಿತ್ರ ಬಹಳ ಚಿಕ್ಕದು. ನಾನು ಬಳಸುವ ಅಳತೆ 500 ಪಿಕ್ಸೆಲ್ ಅಗಲ, 150 ಪಿಕ್ಸೆಲ್ ಎತ್ತರ. ಅಲ್ಲಿ 30 ಪಿಕ್ಸೆಲ್‌ನ ಕುಂಚ ಎಂದರೆ ಚಿತ್ರದ ಎತ್ತರದ ಐದನೆಯ ಒಂದು ಭಾಗ. ದೊಡ್ಡ ಚಿತ್ರಗಳಲ್ಲಿ ಕೈ ಪಳಗಿದವರು ಈ ಪ್ರಮಾಣವನ್ನು ಮರೆತು ಎರಡೇ ಎಳೆತದಲ್ಲಿ ಇಡೀ ಪಟ್ಟಿಯನ್ನು ಕಲಸಿಬಿಡುತ್ತಾರೆ. ಮೂರು ಪಟ್ಟು ದೊಡ್ಡ ಅಳತೆಯಲ್ಲಿ ತೀಡಿ ಕೊನೆಗೆ ಕುಗ್ಗಿಸಬಹುದಲ್ಲ ಎಂದು ಕೆಲವರು ಕೇಳುತ್ತಾರೆ. ನನಗೆ ಅದು ಹಿಡಿಸಿಲ್ಲ, ಏಕೆಂದರೆ ಕುಗ್ಗಿಸಿದಾಗ ತೀಡಿದ ಎಳೆಗಳ ನಯವಾದ ಅಂಚುಗಳೇ ಮೊದಲು ಕಾಣೆಯಾಗುತ್ತವೆ.

ಹೋದ ತಿಂಗಳು ಮಾಡಿದ ಒಂದು ಸಹಿಚಿತ್ರವನ್ನೇ ಉದಾಹರಣೆಯಾಗಿ ಹೇಳುತ್ತೇನೆ. ಊರಿನ ಯಕ್ಷಗಾನದ ಆಟದಲ್ಲಿ ನಾನೇ ತೆಗೆದ, ವೇಷಧಾರಿಯ ಒಪ್ಪಿಗೆ ಪಡೆದ ಬಡಗುತಿಟ್ಟಿನ ವೇಷದ ಫೋಟೊ ಅದು. ತಲೆಗೆ ಕೇದಗೆ ಮುಂದಲೆ, ಹೆಗಲಿಗೆ ಭುಜಕೀರ್ತಿ, ಸೊಂಟಕ್ಕೆ ಕೆಂಪು ಕಪ್ಪು ಚೌಕಳಿಯ ಕಸೆ ಸೀರೆ. ವೇಷಧಾರಿ ಗಿರಕಿ ಹೊಡೆಯುತ್ತ ಅರ್ಧ ತಿರುಗಿದ ಕ್ಷಣ. ಆಕೃತಿಯನ್ನು ಬಿಡಿಸಿ ತೆಗೆದು ಅದರ ಪದರಕ್ಕೆ (ಒಂದರ ಮೇಲೊಂದು ಹಾಸಿದ ಪಾರದರ್ಶಕ ಹಾಳೆಯಂತಿರುವ ಲೇಯರ್‌ಗೆ) ಎರಡು ಪ್ರತಿ ಮಾಡಿಕೊಂಡೆ. ಮೇಲಿನ ಪ್ರತಿಯನ್ನು ಮುಟ್ಟಲಿಲ್ಲ, ಕೆಳಗಿನದನ್ನು ಮಾತ್ರ ತೀಡಿದೆ. ಮೊದಲ ಪ್ರಯತ್ನದಲ್ಲಿ ಸೀರೆಯ ಚೌಕಳಿಯನ್ನು ಎಡದಿಂದ ಬಲಕ್ಕೆ ಅಡ್ಡಲಾಗಿ ಎಳೆದಾಗ ಕೆಂಪೂ ಕಪ್ಪೂ ಬೆರೆತು ಕೆಸರಿನ ಬಣ್ಣ ಬಂತು. ಹಿಂದಕ್ಕೆ ಹೋಗಿ ಮತ್ತೆ ನೋಡಿದಾಗ ಸೀರೆಯ ನೆರಿಗೆಗಳು ಗಿರಕಿಯ ವೇಗಕ್ಕೆ ಸೊಂಟದಿಂದ ಕೆಳಗೆ, ಓರೆಯಾಗಿ ಹೊರಕ್ಕೆ ಚಿಮ್ಮಿದ್ದು ಕಾಣಿಸಿತು. ಈ ಸಲ ನೆರಿಗೆ ಹೋದ ದಿಕ್ಕಿನಲ್ಲೇ, ಪ್ರತಿ ಎಳೆತವನ್ನೂ ಒಂದು ಕೆಂಪು ಚೌಕದ ನಡುವಿನಿಂದಲೇ ಆರಂಭಿಸಿ ತೀಡಿದೆ. ಚೌಕಗಳು ಉದ್ದನೆಯ ಕೆಂಪು ನಾಲಿಗೆಗಳಾದವು, ಅವುಗಳ ನಡುವೆ ಕಪ್ಪು ಗೆರೆಗಳು ಕಲಸದೆ ಉಳಿದವು, ಗಿರಕಿ ಚಿತ್ರದ ಅಂಚಿನವರೆಗೂ ಮುಂದುವರಿದಂತೆ ಕಂಡಿತು. ಕುಂಚ, ರೇಟ್, ಸ್ಪೇಸಿಂಗ್ ಎಲ್ಲವೂ ಮೊದಲಿನವೇ ಆಗಿದ್ದವು. ಬದಲಾದದ್ದು ಕೈ ಹೋದ ದಿಕ್ಕು ಮತ್ತು ಎಳೆತ ಆರಂಭವಾದ ಜಾಗ ಮಾತ್ರ. ಎತ್ತಿಕೊಳ್ಳುವ ಬಣ್ಣ ಯಾವುದು ಎಂಬುದನ್ನು ಮೊದಲ ಒತ್ತು ತೀರ್ಮಾನಿಸುವುದರಿಂದ, ಗಿಂಪ್‌ನಲ್ಲಿ ಎಳೆತದ ಆರಂಭಬಿಂದುವಿಗೆ ಇರುವ ಬೆಲೆ ಅದರ ಉದ್ದಕ್ಕೆ ಇಲ್ಲ.

ಆ ಕೆಲಸದಲ್ಲಿ ‘ನೋ ಇರೇಸ್ ಎಫೆಕ್ಟ್’ ಎಂಬ ಆಯ್ಕೆ ನನಗೆ ಬಹಳ ನೆರವಾಯಿತು. ಬಿಡಿಸಿ ತೆಗೆದ ಆಕೃತಿಯ ಸುತ್ತ ಇರುವುದು ಪಾರದರ್ಶಕ ಖಾಲಿ. ಕುಂಚವನ್ನು ಹೊರಗಿನಿಂದ ಒಳಕ್ಕೆ ಎಳೆದರೆ ಆ ಖಾಲಿಯೂ ಬಣ್ಣದಂತೆಯೇ ಒಳಗೆ ಸಾಗಿ ಭುಜಕೀರ್ತಿಯ ಅಂಚನ್ನು ಕಚ್ಚಿಹಾಕುತ್ತದೆ. 2.10ರಲ್ಲಿ ಬಂದ ಈ ಆಯ್ಕೆಯನ್ನು ಹಾಕಿಕೊಂಡರೆ ಇರುವ ಪಿಕ್ಸೆಲ್‌ಗಳ ಅಪಾರದರ್ಶಕತೆ ಕಡಿಮೆಯಾಗುವುದಿಲ್ಲ, ಆಕೃತಿ ಸವೆಯುವುದಿಲ್ಲ. ಅದೇ ಆವೃತ್ತಿಯಲ್ಲಿ ಬಂದ ‘ಫ್ಲೋ’ ಎಂಬುದು ತೀಡುವಾಗಲೇ ನಾವು ಆರಿಸಿದ ಮುನ್ನೆಲೆ ಬಣ್ಣವನ್ನೂ ಬೆರೆಸುತ್ತದೆ. ಸೊನ್ನೆಯಲ್ಲಿಟ್ಟರೆ ಬೆರಕೆ ಇಲ್ಲ. ಕಲಿಯುವ ಹಂತದಲ್ಲಿ ಅದನ್ನು ಸೊನ್ನೆಯಲ್ಲೇ ಇಡಬೇಕೆಂಬುದು ನನ್ನ ಅಭಿಪ್ರಾಯ, ಏಕೆಂದರೆ ಚಿತ್ರದಲ್ಲಿ ಇಲ್ಲದ ಬಣ್ಣ ಬಂದಾಗ ತಪ್ಪು ಕೈಯದೋ ಬಣ್ಣದ್ದೋ ಎಂದು ತಿಳಿಯುವುದಿಲ್ಲ. ‘ಸ್ಯಾಂಪಲ್ ಮರ್ಜ್ಡ್’ ಆಯ್ಕೆಯಿಂದ ಕಾಣುವ ಎಲ್ಲ ಪದರಗಳ ಬಣ್ಣವನ್ನೂ ಎತ್ತಿಕೊಂಡು ಒಂದು ಹೊಸ ಪದರದ ಮೇಲೆ ಹಚ್ಚಬಹುದು. ಮೂಲ ಹಾಳಾಗದೆ ಉಳಿಯುವುದರಿಂದ ಇದು ಕಲಿಯುವವರಿಗೆ ದೊಡ್ಡ ನೆಮ್ಮದಿ.

ಈಗ ಕುಂಚದ ವಿಷಯ. ಸಹಿಚಿತ್ರದ ತೀಡುವಿಕೆಯಲ್ಲಿ ದುಂಡು ಕುಂಚಕ್ಕಿಂತ ಒರಟು ಅಂಚಿನ, ಚದುರಿದ ಚುಕ್ಕೆಗಳ ಕುಂಚವೇ ಚೆನ್ನಾಗಿ ಒದಗುತ್ತದೆ. ಗಿಂಪ್‌ನ ಜೊತೆಗೇ ಬರುವ ಅಕ್ರಿಲಿಕ್, ಚಾಕ್, ಸ್ಪಾಂಜ್ ಕುಂಚಗಳಷ್ಟೇ ಸಾಕು. ಕುಂಚದ ಚುಕ್ಕೆಗಳ ನಡುವಿನ ಸಂದುಗಳಲ್ಲಿ ಮೂಲಚಿತ್ರ ಉಳಿದುಕೊಳ್ಳುವುದರಿಂದ ಎಳೆಗಳು ಕೂದಲಿನಂತೆ ಬಿಡಿಬಿಡಿಯಾಗಿ ಏಳುತ್ತವೆ. ಫೋಟೊಶಾಪ್‌ಗಾಗಿ ಮಾಡಿದ ಎಬಿಆರ್ ಕುಂಚಗಳನ್ನೂ ಗಿಂಪ್ ತೆರೆಯುತ್ತದೆ, ಆದರೆ ಬರುವುದು ಕುಂಚದ ಆಕಾರ ಮಾತ್ರ. ಅದರ ಜೊತೆಗೆ ಹೊಂದಿಸಿಟ್ಟ ಚದುರುವಿಕೆ, ತಿರುಗುವಿಕೆ ಮುಂತಾದ ಗುಣಗಳು ಬರುವುದಿಲ್ಲ. ಇದು ಗೊತ್ತಿಲ್ಲದೆ ಬೇರೆಯವರು ಹಂಚಿದ ಕುಂಚವನ್ನು ಹಾಕಿಕೊಂಡವರು ನಿರಾಶರಾಗಬಹುದು. ಆ ಗುಣಗಳನ್ನು ಇಲ್ಲಿ ಕೈಯಾರೆ ಕಟ್ಟಿಕೊಳ್ಳಬೇಕು. ‘ಅಪ್ಲೈ ಜಿಟರ್’ ಹಾಕಿ ಅದರ ಪ್ರಮಾಣ ಏರಿಸಿದರೆ ಅಚ್ಚುಗಳು ಗೆರೆಯಿಂದ ಆಚೀಚೆ ಚದುರುತ್ತವೆ. ಕೈಯ ಒತ್ತಡ, ದಿಕ್ಕು ಮುಂತಾದವನ್ನು ಕುಂಚದ ಗುಣಗಳಿಗೆ ಜೋಡಿಸುವ ಪೇಂಟ್ ಡೈನಾಮಿಕ್ಸ್‌ನ ಕೋಷ್ಟಕದಲ್ಲಿ ದಿಕ್ಕನ್ನು ಕೋನಕ್ಕೆ ಜೋಡಿಸಿದರೆ ಕೈ ತಿರುಗಿದಂತೆ ಕುಂಚವೂ ತಿರುಗುತ್ತದೆ. ಆ ಕೋಷ್ಟಕದ ಒಂದು ಮನೆಯಲ್ಲಿ ಗುರುತು ಹಾಕಿದರೆ ಒತ್ತಡವನ್ನು ರೇಟ್‌ಗೂ ಜೋಡಿಸಬಹುದು. ಡ್ರಾಯಿಂಗ್ ಟ್ಯಾಬ್ಲೆಟ್ ಇರುವವರಿಗೆ ಇದು ತುಂಬ ಹಿತವಾದ ಹೊಂದಿಕೆ. ಕೈ ಹಗುರಾದಲ್ಲಿ ಬಣ್ಣ ಬೇಗ ಕರಗುತ್ತದೆ, ಒತ್ತಿದಲ್ಲಿ ದೂರ ಹೋಗುತ್ತದೆ. ಆದರೆ ಕೋಷ್ಟಕದ ಮೊದಲ ನೋಟ ಹೊಸಬರನ್ನು ಹೆದರಿಸುವಂತಿದೆ, ಮತ್ತು ಫೋಟೊಶಾಪ್‌ನಲ್ಲಿ ಒಂದೊಂದು ಹೆಜ್ಜೆಗೆ ಎಷ್ಟು ಅಚ್ಚು ಚದುರಬೇಕೆಂದು ಎಣಿಕೆ ಕೊಡುವಂತೆ ಜಿಟರ್‌ನಲ್ಲಿ ಕೊಡಲಾಗುವುದಿಲ್ಲ. ಈ ಎರಡು ಕೊರತೆಗಳು ನಿಜವಾದವು.

ಮೌಸ್ ಮಾತ್ರ ಇರುವವರು ಇದನ್ನು ಓದಿ ಹಿಂಜರಿಯಬೇಕಾಗಿಲ್ಲ. ಅವರಿಗಾಗಿ ಗಿಂಪ್‌ನಲ್ಲಿ ಒಂದು ಅಮೂಲ್ಯವಾದ ದಾರಿ ಇದೆ, ಮತ್ತು ನನ್ನ ಮಟ್ಟಿಗೆ ಈ ಸಾಧನದ ಅತ್ಯುತ್ತಮ ಗುಣವೇ ಅದು. ಬಿ ಕೀಲಿಯಿಂದ ಪಾತ್ಸ್ ಸಾಧನವನ್ನು ಎತ್ತಿಕೊಂಡು, ಹರಿವು ಎಲ್ಲಿಂದ ಎಲ್ಲಿಗೆ ಹೋಗಬೇಕೋ ಹಾಗೆ ಒಂದು ಬಾಗುಗೆರೆ ಬಿಡಿಸಿ, ಹಿಡಿಕೆಗಳನ್ನು ಎಳೆದು ತೃಪ್ತಿಯಾಗುವವರೆಗೆ ತಿದ್ದಬೇಕು. ಬಳಿಕ ಎಡಿಟ್ ಪಟ್ಟಿಯ ‘ಸ್ಟ್ರೋಕ್ ಪಾತ್’ಗೆ ಹೋಗಿ, ಬಣ್ಣ ಹಚ್ಚುವ ಸಾಧನವಾಗಿ ಸ್ಮಡ್ಜ್ ಅನ್ನು ಆರಿಸಿ, ‘ಎಮ್ಯುಲೇಟ್ ಬ್ರಷ್ ಡೈನಾಮಿಕ್ಸ್’ ಗುರುತು ಹಾಕಿದರೆ ಆ ಗೆರೆಯ ಉದ್ದಕ್ಕೂ ಸಾಧನ ತಾನೇ ತೀಡಿಕೊಂಡು ಹೋಗುತ್ತದೆ. ಮೌಸ್ ಹಿಡಿದ ಕೈಯ ನಡುಕ ಅಲ್ಲಿ ಕಾಣುವುದಿಲ್ಲ. ಅದಕ್ಕಿಂತ ಮುಖ್ಯವಾಗಿ, ಅದೇ ಗೆರೆಯನ್ನು ಬೇರೆ ರೇಟ್‌ನಲ್ಲಿ, ಬೇರೆ ಕುಂಚದಲ್ಲಿ ಮತ್ತೆ ಮತ್ತೆ ತೀಡಿಸಿ ನೋಡಿ ಹೋಲಿಸಬಹುದು. ಕೈಯಿಂದ ಎಳೆದ ಎರಡು ಗೆರೆಗಳು ಎಂದೂ ಒಂದೇ ಆಗಿರುವುದಿಲ್ಲವಾದ್ದರಿಂದ ಅಂಥ ಹೋಲಿಕೆ ಬೇರೆ ರೀತಿಯಲ್ಲಿ ಸಾಧ್ಯವಿಲ್ಲ. ಮೇಲೆ ಹೇಳಿದ ರೇಟ್ ಮತ್ತು ಸ್ಪೇಸಿಂಗ್‌ಗಳ ಸಂಬಂಧ ನನಗೆ ಮನದಟ್ಟಾದದ್ದು ಒಂದೇ ಬಾಗುಗೆರೆಯನ್ನು ಹನ್ನೆರಡು ಪದರಗಳಲ್ಲಿ ಹನ್ನೆರಡು ರೀತಿ ತೀಡಿಸಿ ಪಕ್ಕಪಕ್ಕದಲ್ಲಿಟ್ಟು ನೋಡಿದ ಒಂದು ಭಾನುವಾರ.

ಬೆಳಕು, ಬಣ್ಣದ ಹೊಂದಾಣಿಕೆ, ಕೊನೆಯ ಹರಿತಗೊಳಿಸುವಿಕೆ ಇವೆಲ್ಲ ಸಹಿಚಿತ್ರಕ್ಕೆ ಬೇಕು. ಗಿಂಪ್‌ನಲ್ಲಿ ಅವಕ್ಕೆ ಕರ್ವ್ಸ್, ಗ್ರೇಡಿಯಂಟ್ ಮ್ಯಾಪ್, ಅನ್‌ಶಾರ್ಪ್ ಮಾಸ್ಕ್ ಇವೆ, ಕೆಲಸ ಸಾಗುತ್ತದೆ. ತೀಡುವಿಕೆಗೆ ಸಂಬಂಧಿಸಿದ ಒಂದು ಸಂಗತಿಯನ್ನು ಮಾತ್ರ ಸೇರಿಸುತ್ತೇನೆ. ಬಣ್ಣದ ಮಟ್ಟಗಳು ಕಡಿಮೆ ಇರುವ 8 ಬಿಟ್ ಚಿತ್ರದಲ್ಲಿ ಒಂದೇ ಜಾಗವನ್ನು ಪದೇ ಪದೇ ತೀಡಿದರೆ ನಯವಾದ ಬಣ್ಣದಿಳಿತಗಳಲ್ಲಿ ಮೆಟ್ಟಿಲುಗಳು ಕಾಣತೊಡಗಬಹುದು. ಇಮೇಜ್ ಪಟ್ಟಿಯಲ್ಲಿ 16 ಬಿಟ್‌ಗೆ ಬದಲಿಸಿಕೊಂಡು ಕೆಲಸ ಆರಂಭಿಸುವುದು ಒಳ್ಳೆಯದು. ಇಷ್ಟು ಚಿಕ್ಕ ಚಿತ್ರಕ್ಕೆ ಅದರಿಂದ ಕಂಪ್ಯೂಟರಿಗೆ ಹೊರೆಯೇನೂ ಆಗುವುದಿಲ್ಲ.

ಕನ್ನಡದಲ್ಲಿ ಹೆಸರು ಬರೆಯುವವರು ಗಮನಿಸಬೇಕಾದ ಅಂಶಗಳಿವೆ. ಗಿಂಪ್‌ನ ಅಕ್ಷರ ಸಾಧನ ಪ್ಯಾಂಗೊ ಎಂಬ ಅಕ್ಷರಜೋಡಣೆಯ ತಂತ್ರಾಂಶವನ್ನು ಅವಲಂಬಿಸಿರುವುದರಿಂದ ಯೂನಿಕೋಡ್ ಕನ್ನಡದ ಒತ್ತಕ್ಷರಗಳು ಸರಿಯಾಗಿಯೇ ಮೂಡುತ್ತವೆ. ನೋಟೊ ಸಾನ್ಸ್ ಕನ್ನಡ, ಬಾಲೂ ತಮ್ಮ, ತಿರೊ ಕನ್ನಡ ಫಾಂಟ್‌ಗಳಲ್ಲಿ ನಾನು ಬರೆದು ನೋಡಿದ್ದೇನೆ, ‘ಶಾಸ್ತ್ರ’ದಂಥ ಪದವೂ ಒಡೆಯದೆ ಬರುತ್ತದೆ. ತೊಂದರೆ ಬರುವುದು ತೀಡುವಾಗ. ಹೆಸರಿನ ಕೊನೆಯ ಅಕ್ಷರವನ್ನು ಹಿನ್ನೆಲೆಗೆ ಸ್ವಲ್ಪ ತೀಡಿ ಸೇರಿಸುವುದು ಸಹಿಚಿತ್ರಗಳಲ್ಲಿ ರೂಢಿ. ರೋಮನ್ ಲಿಪಿಯಲ್ಲಿ ಅಕ್ಷರದ ಅಂಚು ತುಸು ಕರಗಿದರೂ ಓದಲು ತೊಡಕಿಲ್ಲ. ನಮ್ಮಲ್ಲಿ ದ ಮತ್ತು ಧ, ಪ ಮತ್ತು ಫ, ಬ ಮತ್ತು ಭ ಇವುಗಳನ್ನು ಬೇರ್ಪಡಿಸುವುದು ಅಕ್ಷರದ ಅಡಿಯಲ್ಲಿರುವ ಒಂದು ಸಣ್ಣ ಸೀಳು ಮಾತ್ರ, ಶಾಲೆಯಲ್ಲಿ ಹೊಟ್ಟೆ ಸೀಳುವುದು ಎಂದು ಹೇಳಿಕೊಡುತ್ತಿದ್ದರಲ್ಲ, ಅದೇ. 20 ಪಿಕ್ಸೆಲ್ ಎತ್ತರದ ಅಕ್ಷರದಲ್ಲಿ ಆ ಸೀಳು ಎರಡು ಮೂರು ಪಿಕ್ಸೆಲ್‌ನಷ್ಟೇ ಇರುತ್ತದೆ, ಕೆಳಗಿನಿಂದ ಒಂದು ಸಲ ಕುಂಚ ಹಾಯ್ದರೆ ‘ಭಾರತಿ’ ‘ಬಾರತಿ’ಯಾಗುತ್ತಾಳೆ. ಆದ್ದರಿಂದ ಕನ್ನಡ ಅಕ್ಷರಗಳನ್ನು ತಲೆಕಟ್ಟಿನ ಕಡೆಯಿಂದ ಇಲ್ಲವೇ ಬಲಬದಿಯಿಂದ ಮಾತ್ರ, ಹತ್ತು ಪಿಕ್ಸೆಲ್‌ಗಿಂತ ಚಿಕ್ಕ ಕುಂಚದಲ್ಲಿ ತೀಡಬೇಕು. ಅದೂ ಅಕ್ಷರಪದರದ ಪ್ರತಿಯ ಮೇಲೆ. ತೀಡಿದ ಪದರವನ್ನು ಮತ್ತೆ ಅಕ್ಷರವಾಗಿ ತಿದ್ದಹೊರಟರೆ ತೀಡಿದ್ದೆಲ್ಲ ಅಳಿಸಿಹೋಗುತ್ತದೆ.

ಉಳಿದ ತಂತ್ರಾಂಶಗಳ ಜೊತೆ ಹೋಲಿಸದೆ ವಿಮರ್ಶೆ ಪೂರ್ತಿಯಾಗದು. ಇದೇ ರೀತಿ ಉಚಿತವಾಗಿ ಸಿಗುವ ಕೃತಾದಲ್ಲಿ ತೀಡುವುದಕ್ಕೆಂದೇ ಕಲರ್ ಸ್ಮಡ್ಜ್ ಎಂಬ ಪ್ರತ್ಯೇಕ ಎಂಜಿನ್ ಇದೆ, 2021ರ ಡಿಸೆಂಬರ್‌ನ 5.0 ಆವೃತ್ತಿಯಲ್ಲಿ ಅದನ್ನು ಹೊಸದಾಗಿ ರೂಪಿಸಲಾಯಿತು. ಅದರಲ್ಲಿ ಕುಂಚದಡಿಯ ಪಿಕ್ಸೆಲ್‌ಗಳನ್ನು ಹಾಗೆಯೇ ಎಳೆದೊಯ್ಯುವ ಸ್ಮಿಯರಿಂಗ್, ಅವನ್ನು ಬೆರೆಸಿ ಒಂದೇ ಬಣ್ಣವಾಗಿ ಹಚ್ಚುವ ಡಲ್ಲಿಂಗ್ ಎಂಬ ಎರಡು ಬಗೆಗಳಿವೆ. ಸಹಿಚಿತ್ರಕ್ಕೆ ಒದಗುವುದು ಮೊದಲನೆಯದು. ಬಣ್ಣದ ಸೊಗಸಿನಲ್ಲಿ, ಪೆನ್ನಿಗೆ ಸ್ಪಂದಿಸುವುದರಲ್ಲಿ ಕೃತಾ ಗಿಂಪ್‌ಗಿಂತ ಮುಂದಿದೆ ಎಂದು ಸಂಕೋಚವಿಲ್ಲದೆ ಹೇಳುತ್ತೇನೆ. ಫೋಟೊಶಾಪ್‌ನ ಸ್ಮಡ್ಜ್‌ನಲ್ಲಿ ಕುಂಚದ ಚದುರುವಿಕೆಯನ್ನು ಹಿಡಿತದಲ್ಲಿಡುವುದು ಸುಲಭ, ಹಳೆಯ ಪಾಠಗಳಲ್ಲಿ ಬಹುಪಾಲು ಅದನ್ನೇ ನೆಚ್ಚಿ ಬರೆದವು. ಆದರೆ ಅದಕ್ಕೆ ಚಂದಾ ಕಟ್ಟುತ್ತಲೇ ಇರಬೇಕು. ಇಷ್ಟಾಗಿಯೂ ಮೊದಲ ಆರು ತಿಂಗಳಿಗೆ ನಾನು ಗಿಂಪ್ ಅನ್ನೇ ಸೂಚಿಸುತ್ತೇನೆ. ಸಿದ್ಧ ಕುಂಚಗಳು ಹೇರಳವಾಗಿರುವ ಕಡೆ ಎಳೆ ಚೆಂದವಾಗಿ ಬಂದರೆ ಅದು ಕುಂಚದ ಗುಣವೋ ಕೈಯ ಗುಣವೋ ತಿಳಿಯದು. ಗಿಂಪ್‌ನ ಸ್ಮಡ್ಜ್ ಏನನ್ನೂ ಅಲಂಕರಿಸಿ ಕೊಡುವುದಿಲ್ಲ, ಕೈ ಹೋದ ದಿಕ್ಕು ತಪ್ಪಾಗಿದ್ದರೆ ಆ ತಪ್ಪನ್ನು ಹಾಗೆಯೇ ತೋರಿಸುತ್ತದೆ, ಮತ್ತು ಬಾಗುಗೆರೆಯ ದಾರಿಯಿಂದ ಅದನ್ನು ತಿದ್ದಿಕೊಳ್ಳಲು ಅವಕಾಶ ಕೊಡುತ್ತದೆ. ಈಗಾಗಲೇ ಕೈ ಪಳಗಿ, ಪೆನ್ನಿನಲ್ಲಿ ದೊಡ್ಡ ಚಿತ್ರಗಳನ್ನು ಬಿಡಿಸುವವರು ನೇರವಾಗಿ ಕೃತಾಗೆ ಹೋಗಬಹುದು, ಅವರಿಗೆ ಇಲ್ಲಿ ಹೊಸದಾಗಿ ಸಿಗುವುದು ಕಡಿಮೆ.

ಆರಂಭಿಸುವವರಿಗೆ ನನ್ನ ಹೊಂದಿಕೆಯನ್ನು ಕೊಟ್ಟುಬಿಡುತ್ತೇನೆ. ಚಾಕ್ ಕುಂಚ, ಗಾತ್ರ 24, ಸ್ಪೇಸಿಂಗ್ 20, ರೇಟ್ 88, ಫ್ಲೋ ಸೊನ್ನೆ, ಜಿಟರ್ ಅತಿ ಸ್ವಲ್ಪ, ನೋ ಇರೇಸ್ ಎಫೆಕ್ಟ್ ಹಾಕಿರಲಿ. ಇದನ್ನು ಒಂದು ಟೂಲ್ ಪ್ರಿಸೆಟ್ ಆಗಿ ಉಳಿಸಿಕೊಂಡರೆ ಪ್ರತಿ ಸಲವೂ ಹೊಂದಿಸುವ ಶ್ರಮವಿಲ್ಲ. ಮುಖದ ಮೇಲೂ ಕಣ್ಣಿನ ಸುತ್ತಲೂ ಕುಂಚ ಇಡಬೇಡಿ. ಯಕ್ಷಗಾನದ ಆ ಚಿತ್ರದಲ್ಲಿ ನಾನು ಮೇಲಿನ ಪದರಕ್ಕೆ ಮಾಸ್ಕ್ (ಬೇಡವಾದ ಭಾಗವನ್ನು ಮರೆಮಾಡುವ ಹೊದಿಕೆ) ಹಾಕಿ ಮುಖ, ಮುಂದಲೆ, ಎತ್ತಿದ ಕೈಯ ಬೆರಳುಗಳು ಇಷ್ಟನ್ನು ಮಾತ್ರ ಹರಿತವಾಗಿ ಉಳಿಸಿ, ಸೊಂಟದಿಂದ ಕೆಳಗೆ ತೀಡಿದ ಪದರ ಮೆಲ್ಲನೆ ಕಾಣುವಂತೆ ಮಾಡಿದೆ. ಕೊನೆಯ ಚಿತ್ರವನ್ನು ಪಿಎನ್‌ಜಿಯಾಗಿಯೇ ರಫ್ತು ಮಾಡಿದೆ, ಏಕೆಂದರೆ ಜೆಪೆಗ್‌ನಲ್ಲಿ ನೋಡಿದಾಗ ಸೀರೆಯ ಕೆಂಪು ಎಳೆಗಳ ಅಂಚಿನಲ್ಲಿ ಚೌಕಚೌಕವಾದ ಕಲೆಗಳು ಎದ್ದಿದ್ದವು.